ಮಕ್ಕಳ ಬೆನ್ನುಮೂಳೆಯ ಬಾಗು ಮತ್ತು ನಿದ್ರೆಯ ಹಾರ್ಮೋನು: ಪಾಲಕರ ಪ್ರಶ್ನೆಗಳು, ಎಲುಬು ವೈದ್ಯರ ಉತ್ತರಗಳು

ಪ್ರಶ್ನೆ: ಧಾರವಾಡದ ಒಬ್ಬ ತಾಯಿ

ಡಾಕ್ಟರ್ ಸಾಹೇಬರೇ, ನಮಸ್ಕಾರ. ನನ್ನ ಮಗಳಿಗೆ ಈಗ 12 ವರ್ಷ, ಏಳನೆಯ ಇಯತ್ತೆಯಲ್ಲಿ ಓದುತ್ತಿದ್ದಾಳೆ. ಪಂಚಮಿ ಹಬ್ಬಕ್ಕೆ ಎಣ್ಣೆ ಹಚ್ಚಿ ಎರೆಯುವಾಗ ಅವಳ ಬೆನ್ನಿನ ಬಲಗಡೆ ಎಡಗಡೆಗಿಂತ ಉಬ್ಬಿರುವುದು ನನ್ನ ಕೈಗೆ ಹತ್ತಿತು. ಎಲುಬಿನ ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, ಬೆನ್ನುಮೂಳೆ 22 ಡಿಗ್ರಿ ಬಾಗಿದೆ, ನಾಲ್ಕು ತಿಂಗಳು ಬಿಟ್ಟು ಮತ್ತೆ ಕರೆದುಕೊಂಡು ಬನ್ನಿ ಎಂದರು. ಅವಳು ಇನ್ನೂ ಮೈನೆರೆದಿಲ್ಲ. ಟ್ಯೂಷನ್, ಹೋಂವರ್ಕ್, ಆಮೇಲೆ ಮೊಬೈಲ್ ಎಂದು ರಾತ್ರಿ ಹನ್ನೊಂದೂವರೆಯವರೆಗೆ ಎಚ್ಚರವಾಗಿರುತ್ತಾಳೆ. ಈಗ ಸಂಬಂಧಿಕರೊಬ್ಬರು ಒಂದು ಸಂದೇಶ ಕಳಿಸಿದ್ದಾರೆ: ತಡವಾಗಿ ಮಲಗುವ ಮಕ್ಕಳಲ್ಲಿ ಮೆಲಟೋನಿನ್ ಎಂಬ ನಿದ್ರೆಯ ಹಾರ್ಮೋನು ಕಡಿಮೆಯಾಗಿ ಬೆನ್ನು ಡೊಂಕಾಗುತ್ತದೆ, ಮೆಲಟೋನಿನ್ ಗಮ್ಮಿ (ಮಿಠಾಯಿಯಂತೆ ಅಗಿದು ತಿನ್ನುವ ಮಾತ್ರೆ) ಕೊಟ್ಟರೆ ನೆಟ್ಟಗಾಗುತ್ತದೆ ಎಂದು ಅದರಲ್ಲಿದೆ. ಅವಳನ್ನು ಹೊತ್ತಿಗೆ ಸರಿಯಾಗಿ ಮಲಗಿಸದೆ ನಾನೇ ಇದನ್ನು ತಂದುಕೊಂಡೆನೇ? ಆ ಗಮ್ಮಿಗಳನ್ನು ಕೊಡಬಹುದೇ?

ಉತ್ತರ

ತಾಯಿ, ನಿಮ್ಮ ಮಗಳು ತಡವಾಗಿ ಮಲಗಿದ್ದರಿಂದ ಅವಳ ಬೆನ್ನು ಬಾಗಿಲ್ಲ. ಗಮ್ಮಿಗಳನ್ನು ಕೊಡಬೇಡಿ. ನಾಲ್ಕು ತಿಂಗಳ ನಂತರದ ಭೇಟಿಯನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ. ಈ ಮೂರು ಮಾತುಗಳಿಗೂ ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಸಮಾಧಾನದಿಂದ ಓದಿ.

ನಿಮಗೆ ಬಂದಿರುವ ಸಂದೇಶ ಪೂರ್ತಿ ಕಟ್ಟುಕಥೆಯಲ್ಲ, ಅದಕ್ಕೇ ಅದು ಜನರನ್ನು ಸುಲಭವಾಗಿ ನಂಬಿಸುತ್ತದೆ. ಮೆಲಟೋನಿನ್ ಎಂಬುದು ಮೆದುಳಿನ ನಡುಭಾಗದಲ್ಲಿರುವ ಪೀನಿಯಲ್ ಎಂಬ ಪುಟ್ಟ ಗ್ರಂಥಿಯಿಂದ ಕತ್ತಲಾದ ಮೇಲೆ ಸ್ರವಿಸುವ ಹಾರ್ಮೋನು. 1958ರಲ್ಲಿ ಅಮೆರಿಕದ ಆರನ್ ಲರ್ನರ್ ಮತ್ತು ಅವರ ಸಂಗಡಿಗರು ದನಗಳ ಪೀನಿಯಲ್ ಗ್ರಂಥಿಗಳಿಂದ ಅದನ್ನು ಬೇರ್ಪಡಿಸಿದರು. ಮರುವರ್ಷವೇ ಫ್ರಾನ್ಸಿನ ಥಿಲಾರ್ ಎಂಬ ವಿಜ್ಞಾನಿ, ಕೋಳಿಮರಿಗಳ ಪೀನಿಯಲ್ ಗ್ರಂಥಿಯನ್ನು ತೆಗೆದುಹಾಕಿದರೆ ಅವುಗಳ ಬೆನ್ನುಮೂಳೆ ಪಕ್ಕಕ್ಕೆ ಬಾಗುತ್ತದೆ ಎಂಬುದನ್ನು ವರದಿ ಮಾಡಿದರು. 1980ರ ದಶಕದಲ್ಲಿ ಫ್ರಾನ್ಸಿನ ದುಬುಸ್ಸೆ, ನಂತರ ಜಪಾನಿನ ಮಾಚಿದಾ ಈ ಪ್ರಯೋಗವನ್ನು ಮುಂದುವರಿಸಿದರು. ಮರಿಗಳಲ್ಲಿ ಕಾಣಿಸಿದ ಬಾಗು ಹದಿಹರೆಯದ ಮಕ್ಕಳ ಬಾಗನ್ನು ಬಹುಮಟ್ಟಿಗೆ ಹೋಲುತ್ತಿತ್ತು. 1996ರಲ್ಲಿ ಮಾಚಿದಾ ಅವರ ತಂಡವು, ಬಾಗು ಹೆಚ್ಚುತ್ತಲೇ ಇದ್ದ ಮಕ್ಕಳಲ್ಲಿ ರಾತ್ರಿಯ ಮೆಲಟೋನಿನ್ ಪ್ರಮಾಣ ಕಡಿಮೆ ಇದೆ ಎಂದು ಪ್ರಕಟಿಸಿದಾಗ, ನಮ್ಮ ವೃತ್ತಿಯವರಲ್ಲಿ ಬಹಳ ಆಸೆ ಹುಟ್ಟಿತು. ಸಂದೇಶ ಬರೆದವರು ಇಲ್ಲಿಗೆ ನಿಲ್ಲಿಸಿದ್ದಾರೆ.

ಮುಂದೆ ಏನಾಯಿತೆಂಬುದು ನಿಮ್ಮ ಮಗಳಿಗೆ ಹೆಚ್ಚು ಮುಖ್ಯ. ಬೇರೆ ಬೇರೆ ದೇಶಗಳ ತಂಡಗಳು ಇದೇ ಅಳತೆಯನ್ನು ಮಾಡಿ ನೋಡಿದಾಗ, ಬಾಗು ಇರುವ ಮಕ್ಕಳಿಗೂ ಇಲ್ಲದ ಮಕ್ಕಳಿಗೂ ಮೆಲಟೋನಿನ್ ಪ್ರಮಾಣದಲ್ಲಿ ವ್ಯತ್ಯಾಸ ಸಿಗಲಿಲ್ಲ. ಗ್ರಂಥಿ ತೆಗೆದ ಕೋಳಿಮರಿಗಳೂ ಎಲ್ಲವೂ ಬಾಗುವುದಿಲ್ಲ. ನಾಲ್ಕು ಕಾಲಿನ ಮೇಲೆ ನಡೆಯುವ ಇಲಿಗಳ ಗ್ರಂಥಿ ತೆಗೆದರೆ ಬೆನ್ನು ಬಾಗಲಿಲ್ಲ, ಎರಡೇ ಕಾಲಿನ ಮೇಲೆ ನಿಲ್ಲುವಂತೆ ಮಾಡಿದ ಇಲಿಗಳಲ್ಲಿ ಬಾಗಿತು. ಅಂದರೆ ಮೈಯ ಭಾರ ನೆಟ್ಟನೆಯ ಬೆನ್ನಿನ ಮೇಲೆ ಬೀಳುವ ರೀತಿಗೂ ಇದರಲ್ಲಿ ಪಾಲಿದೆ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2005ರಲ್ಲಿ: ಹಾಂಗ್‌ಕಾಂಗ್‌ನ ವೈದ್ಯರು ಎಳೆಯ ರೀಸಸ್ ಕೋತಿಗಳ ಪೀನಿಯಲ್ ಗ್ರಂಥಿ ತೆಗೆದು ನೋಡಿದಾಗ, ಮೆಲಟೋನಿನ್ ತೀರ ಇಳಿದರೂ ಒಂದು ಕೋತಿಯ ಬೆನ್ನೂ ಬಾಗಲಿಲ್ಲ. ಕೋಳಿಗಿಂತ ಕೋತಿ ನಮಗೆ ಎಷ್ಟು ಹತ್ತಿರವೆಂದು ನಾನು ಹೇಳಬೇಕಾಗಿಲ್ಲ. ಹಾರ್ಮೋನಿನ ಪ್ರಮಾಣ ಸರಿಯಿದ್ದರೂ ಎಲುಬಿನ ಜೀವಕೋಶಗಳು ಅದರ ಸಂಕೇತಕ್ಕೆ ಸರಿಯಾಗಿ ಓಗೊಡುತ್ತಿಲ್ಲವೇ ಎಂಬ ದಿಕ್ಕಿನಲ್ಲಿ 2004ರಿಂದ ಕೆನಡಾದ ತಂಡವೊಂದು ಕೆಲಸ ಮಾಡಿದೆ. ಆ ದಿಕ್ಕು ಸರಿಯೆಂದೇ ಇಟ್ಟುಕೊಂಡರೂ, ಹೊರಗಿನಿಂದ ಮೆಲಟೋನಿನ್ ಸುರಿದರೆ ಓಗೊಡದ ಜೀವಕೋಶ ಓಗೊಡುತ್ತದೆ ಎಂದು ಅದರಿಂದ ಸಿದ್ಧವಾಗುವುದಿಲ್ಲ. ಮೆಲಟೋನಿನ್ ಕೊಟ್ಟು ಮಗುವಿನ ಬೆನ್ನುಮೂಳೆಯನ್ನು ನೆಟ್ಟಗೆ ಮಾಡುವ ಚಿಕಿತ್ಸೆ ಇವತ್ತಿಗೂ ಯಾವ ದೇಶದಲ್ಲಿಯೂ ರೂಢಿಯಲ್ಲಿಲ್ಲ.

ಗಮ್ಮಿಗಳ ವಿಷಯದಲ್ಲಿ ನನಗೆ ಇನ್ನೊಂದು ಆತಂಕವಿದೆ. 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಮೆಲಟೋನಿನ್ ಗಮ್ಮಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಲೇಬಲ್ ಮೇಲಿನ ಪ್ರಮಾಣಕ್ಕೂ ಒಳಗಿನ ಪ್ರಮಾಣಕ್ಕೂ ತಾಳೆಯಾಗಲಿಲ್ಲ. ಒಳಗಿನ ಪ್ರಮಾಣ ಲೇಬಲ್‌ನದಕ್ಕಿಂತ ಸುಮಾರು ಮೂರೂವರೆ ಪಟ್ಟಿನವರೆಗೂ ಹೋಗಿತ್ತು, ಒಂದರಲ್ಲಿ ಮೆಲಟೋನಿನ್ ಇರಲೇ ಇಲ್ಲ. ನಿದ್ರೆಯ ನಿಜವಾದ ತೊಂದರೆ ಇರುವ ಕೆಲವು ಮಕ್ಕಳಿಗೆ, ಉದಾಹರಣೆಗೆ ಆಟಿಸಂ ಇರುವವರಿಗೆ, ಮಕ್ಕಳ ವೈದ್ಯರು ಪ್ರಮಾಣ ನೋಡಿ ಮೆಲಟೋನಿನ್ ಬರೆದುಕೊಡುವುದುಂಟು. ಮೈನೆರೆಯುವ ಹೊಸ್ತಿಲಲ್ಲಿರುವ ಹುಡುಗಿಗೆ, ಯಾವ ವೈದ್ಯರೂ ಹೇಳದೆ, ಮಿಠಾಯಿಯಂತೆ ತಿನ್ನಿಸುವ ವಸ್ತು ಅದಲ್ಲ.

ಇನ್ನು 22 ಡಿಗ್ರಿಯ ಅರ್ಥ. ಎಕ್ಸ್‌ರೇಯಲ್ಲಿ ಬಾಗಿನ ಮೇಲಿನ ತುದಿಯ ಮತ್ತು ಕೆಳಗಿನ ತುದಿಯ ಮಣಿಗಳಿಗೆ ಗೆರೆ ಎಳೆದು ಅಳೆಯುವ ಕೋನಕ್ಕೆ ಕಾಬ್ ಕೋನ ಎನ್ನುತ್ತೇವೆ. 1948ರಲ್ಲಿ ಅಮೆರಿಕದ ಜಾನ್ ಕಾಬ್ ಹೇಳಿಕೊಟ್ಟ ಕ್ರಮ ಅದು. 10 ಡಿಗ್ರಿ ಮತ್ತು ಅದಕ್ಕಿಂತ ಹೆಚ್ಚಿದ್ದರೆ ಸ್ಕೋಲಿಯೋಸಿಸ್. ನೂರು ಹದಿಹರೆಯದ ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಅದು ಇರುತ್ತದೆ, ಹೆಚ್ಚಿನವರದು ಸಣ್ಣ ಬಾಗಾಗಿಯೇ ಉಳಿಯುತ್ತದೆ. ಸಣ್ಣ ಬಾಗುಗಳು ಹುಡುಗ ಹುಡುಗಿಯರಲ್ಲಿ ಹೆಚ್ಚುಕಡಿಮೆ ಸಮವಾಗಿದ್ದರೂ, 30 ಡಿಗ್ರಿ ದಾಟುವ ಬಾಗುಗಳಲ್ಲಿ ಹುಡುಗಿಯರೇ ಬಹಳ ಹೆಚ್ಚು. ಬೆನ್ನುಮೂಳೆ ಬರೀ ಪಕ್ಕಕ್ಕೆ ವಾಲುವುದಿಲ್ಲ, ಹಿಂಡಿದ ಸೀರೆಯಂತೆ ತಿರುಚಿಕೊಳ್ಳುತ್ತದೆ. ಆ ತಿರುಚು ಪಕ್ಕೆಲುಬುಗಳನ್ನು ಹಿಂದಕ್ಕೆ ತಳ್ಳುವುದರಿಂದಲೇ ಎರೆಯುವಾಗ ನಿಮ್ಮ ಕೈಗೆ ಉಬ್ಬು ಹತ್ತಿದ್ದು.

ಬಾಗು ಎಷ್ಟಿದೆ ಎಂಬುದರಷ್ಟೇ, ಮಗು ಇನ್ನೂ ಎಷ್ಟು ಬೆಳೆಯಬೇಕಾಗಿದೆ ಎಂಬುದೂ ಮುಖ್ಯ. ಅದನ್ನು ತಿಳಿಯಲು ಎಕ್ಸ್‌ರೇಯಲ್ಲಿ ಟೊಂಕದ ಎಲುಬಿನ ಮೇಲಂಚನ್ನು ನೋಡುತ್ತೇವೆ. ಅಲ್ಲಿ ಎಲುಬಿನ ಟೊಪ್ಪಿಗೆ ಮೂಡುವುದಕ್ಕೆ ರಿಸ್ಸರ್ ಎಂಬವರು 0ಯಿಂದ 5ರವರೆಗೆ ಹಂತ ಗೊತ್ತುಮಾಡಿದ್ದಾರೆ; 0 ಎಂದರೆ ಬೆಳವಣಿಗೆ ಇನ್ನೂ ಬಹಳ ಉಳಿದಿದೆ, 5 ಎಂದರೆ ಮುಗಿದಿದೆ. 1984ರಲ್ಲಿ ಪ್ರಕಟವಾದ, ಇಂದಿಗೂ ನಾವು ಆಧಾರವಾಗಿ ಹಿಡಿಯುವ ಅಧ್ಯಯನವೊಂದರಲ್ಲಿ, 20ರಿಂದ 29 ಡಿಗ್ರಿ ಬಾಗು ಇದ್ದು ರಿಸ್ಸರ್ 0 ಅಥವಾ 1ರಲ್ಲಿದ್ದ ಮಕ್ಕಳ ಪೈಕಿ ನೂರಕ್ಕೆ 68ರಲ್ಲಿ ಬಾಗು ಹೆಚ್ಚಿತು. ಅಷ್ಟೇ ಬಾಗು ಇದ್ದು ರಿಸ್ಸರ್ 2ರಿಂದ 4ರಲ್ಲಿದ್ದವರಲ್ಲಿ ಹೆಚ್ಚಿದ್ದು ನೂರಕ್ಕೆ 23ರಲ್ಲಿ. ಮೈನೆರೆಯದ ನಿಮ್ಮ ಮಗಳು ಬಹುಶಃ ಮೊದಲ ಗುಂಪಿನಲ್ಲಿದ್ದಾಳೆ. ಮೈನೆರೆಯುವ ಹಿಂದಿನ ಕೆಲವು ತಿಂಗಳುಗಳಲ್ಲಿಯೇ ಹುಡುಗಿಯರು ಅತ್ಯಂತ ವೇಗವಾಗಿ ಎತ್ತರವಾಗುತ್ತಾರೆ, ಬಾಗು ಓಡುವುದೂ ಆ ತಿಂಗಳುಗಳಲ್ಲಿಯೇ. ನಿಮ್ಮ ಡಾಕ್ಟರು ನಾಲ್ಕು ತಿಂಗಳು ಎಂದು ಹೇಳಿರುವುದು ಸರಿಯಾದ ಲೆಕ್ಕ. ಆಗ 5 ಡಿಗ್ರಿಯಷ್ಟು ಹೆಚ್ಚಿದ್ದರೆ ಅಥವಾ 25 ದಾಟಿದ್ದರೆ ಬ್ರೇಸ್, ಅಂದರೆ ಬಾಗು ಹೆಚ್ಚದಂತೆ ಮೈಗೆ ತೊಡಿಸುವ ಗಟ್ಟಿ ಕವಚ, ಹಾಕುವ ಮಾತು ಬರುತ್ತದೆ. ಗಮ್ಮಿ ನಂಬಿ ಒಂದು ವರ್ಷ ಕಳೆದರೆ ಬ್ರೇಸ್ ಕೆಲಸ ಮಾಡುವ ಕಾಲವೇ ಕೈತಪ್ಪಬಹುದು. ನನ್ನ ಭಯವೆಲ್ಲ ಅದೇ.

ಪ್ರಶ್ನೆ: ಹುಬ್ಬಳ್ಳಿಯಿಂದ, 14 ವರ್ಷದ ಮಗನ ತಾಯಿ

ಹಾಗಾದರೆ ನಿದ್ರೆಗೂ ಬೆಳವಣಿಗೆಗೂ ಸಂಬಂಧವೇ ಇಲ್ಲವೇ, ಸರ್? ನನ್ನ ಮಗ ರಾತ್ರಿ ಒಂದು ಗಂಟೆಗೆ ಮಲಗುತ್ತಾನೆ, ಬೆಳಿಗ್ಗೆ ಆರೂವರೆಗೆ ಎಬ್ಬಿಸಬೇಕು. ಪಕ್ಕಕ್ಕೆ ಬಾಗಿಲ್ಲ, ಆದರೆ ಗೂನು ಬಿದ್ದವರ ಹಾಗೆ ಮುಂದಕ್ಕೆ ಬಗ್ಗಿ ನಡೆಯುತ್ತಾನೆ. ನಿದ್ರೆಯಲ್ಲಿಯೇ ಬೆಳವಣಿಗೆಯ ಹಾರ್ಮೋನು ಬರುತ್ತದೆ, ಅದು ಕಡಿಮೆಯಾಗಿ ಹೀಗಾಗಿದೆ ಎಂದು ನಮ್ಮ ಮನೆಯವರು ಹೇಳುತ್ತಾರೆ.

ಉತ್ತರ

ಸಂಬಂಧ ಖಂಡಿತ ಇದೆ, ತಾಯಿ. ಮಲಗಿದ ಮೊದಲ ಕೆಲವು ತಾಸುಗಳ ಗಾಢ ನಿದ್ರೆಯಲ್ಲಿ ಬೆಳವಣಿಗೆಯ ಹಾರ್ಮೋನಿನ ದೊಡ್ಡ ಅಲೆಗಳು ಏಳುತ್ತವೆ ಎಂಬುದು ನಿಜ. ಆದರೆ ನಿಮ್ಮ ಮನೆಯವರ ಮಾತಿನ ಎರಡನೆಯ ಭಾಗ ನಿಲ್ಲುವುದಿಲ್ಲ. ಬೆಳವಣಿಗೆಯ ಹಾರ್ಮೋನು ಕಡಿಮೆಯಾದರೆ ಮಗು ಗಿಡ್ಡಾಗುತ್ತದೆಯೇ ಹೊರತು ಬೆನ್ನು ಬಾಗುವುದಿಲ್ಲ. ಗಿಡ್ಡ ಮಕ್ಕಳಿಗೆ ಈ ಹಾರ್ಮೋನಿನ ಚುಚ್ಚುಮದ್ದು ಕೊಡುವಾಗ, ಮೊದಲೇ ಸ್ಕೋಲಿಯೋಸಿಸ್ ಇದ್ದರೆ ವೇಗದ ಬೆಳವಣಿಗೆಯಿಂದ ಬಾಗು ಹೆಚ್ಚಬಹುದೆಂದು ನಾವು ಎಚ್ಚರಿಕೆಯಿಂದ ನೋಡುತ್ತಿರುತ್ತೇವೆ.

ಮಗನ ಗೂನಿನ ಬಗ್ಗೆ ಒಂದು ಪರೀಕ್ಷೆ ಮಾಡಿ. ಅವನನ್ನು ಚಾಪೆಯ ಮೇಲೆ ಬೋರಲು ಮಲಗಿಸಿ, ಎರಡೂ ಕೈಗಳನ್ನು ಹಿಂದೆ ಇರಿಸಿಕೊಂಡು ಎದೆ ಮೇಲೆತ್ತಲು ಹೇಳಿ. ಗೂನು ಆಗ ಕರಗಿ ಬೆನ್ನು ಚಪ್ಪಟೆಯಾದರೆ ಅದು ಭಂಗಿಯ ದೋಷ. ವ್ಯಾಯಾಮದಿಂದ, ಕುಳಿತುಕೊಳ್ಳುವ ಕ್ರಮದಿಂದ ಸರಿಹೋಗುತ್ತದೆ. ಎದೆ ಎತ್ತಿದರೂ ಗೂನು ಗಟ್ಟಿಯಾಗಿ ಹಾಗೆಯೇ ನಿಂತರೆ ಷೋಯರ್ಮನ್ ಎಂಬ ತೊಂದರೆ ಇರಬಹುದು. ಅದರಲ್ಲಿ ಒಂದರ ಕೆಳಗೊಂದಿರುವ ಕನಿಷ್ಠ ಮೂರು ಮಣಿಗಳು ಮುಂಭಾಗದಲ್ಲಿ ಕುಗ್ಗಿ ಆಪಿನ ಆಕಾರ ಪಡೆದಿರುತ್ತವೆ, ಎಕ್ಸ್‌ರೇ ಬೇಕಾಗುತ್ತದೆ. ಗೂನು ಒಂದೇ ಕಡೆ ಚೂಪಾಗಿ ಎದ್ದಿದ್ದರೆ, ಜೊತೆಗೆ ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಎಚ್ಚರಗೊಳಿಸುವ ನೋವು ಇದ್ದರೆ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಬನ್ನಿ. ಬೆನ್ನುಮೂಳೆಯ ಕ್ಷಯ ನಮ್ಮ ಭಾಗದಲ್ಲಿ ಇನ್ನೂ ಇದೆ, ಹೊತ್ತಿಗೆ ಹಿಡಿದರೆ ಔಷಧದಿಂದಲೇ ಗುಣವಾಗುತ್ತದೆ.

ಇನ್ನು ಐದೂವರೆ ತಾಸಿನ ನಿದ್ರೆ. ಬೆನ್ನಿನ ಮಾತು ಬದಿಗಿಟ್ಟರೂ ಇದು ನನ್ನನ್ನು ಚಿಂತೆಗೀಡುಮಾಡುತ್ತದೆ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ತಾಸು, 13ರಿಂದ 18 ವರ್ಷದವರಿಗೆ 8ರಿಂದ 10 ತಾಸು ನಿದ್ರೆ ಬೇಕು. ಹದಿಹರೆಯದಲ್ಲಿ ಮೆಲಟೋನಿನ್ ಏರುವ ಹೊತ್ತು ಸಹಜವಾಗಿಯೇ ಮುಂದಕ್ಕೆ ಸರಿಯುತ್ತದೆ. ಆದ್ದರಿಂದ ಒಂಬತ್ತು ಗಂಟೆಗೆ ಅವನಿಗೆ ನಿದ್ರೆ ಬರುತ್ತಿಲ್ಲವೆಂದರೆ ಅದು ಹಟವಲ್ಲ, ಬೈಯಬೇಡಿ. ಆದರೆ ಸರಿದ ಹೊತ್ತನ್ನು ಇನ್ನಷ್ಟು ದೂರ ತಳ್ಳುವುದು ಬೆಳಕು. ಕಣ್ಣಿಗೆ ಬೀಳುವ ಬೆಳಕಿನಿಂದ ಮೆಲಟೋನಿನ್ ಕುಗ್ಗುವ ಪ್ರಮಾಣ ದೊಡ್ಡವರಿಗಿಂತ ಮಕ್ಕಳಲ್ಲಿ ಸುಮಾರು ಎರಡು ಪಟ್ಟು ಎಂದು ಜಪಾನಿನ ಅಧ್ಯಯನವೊಂದು 2014ರಲ್ಲಿ ತೋರಿಸಿದೆ. ಊಟವಾದ ಮೇಲೆ ಟ್ಯೂಬ್‌ಲೈಟ್ ಆರಿಸಿ ಮಂದ ದೀಪ ಹಾಕಿ. ಮೊಬೈಲ್ ಅಡುಗೆಮನೆಯಲ್ಲಿ ಚಾರ್ಜಿಗೆ ಇರಲಿ, ನಿಮ್ಮದೂ ಅಲ್ಲಿಯೇ ಇರಲಿ. ಬೆಳಿಗ್ಗೆ ಎದ್ದ ಕೂಡಲೇ ಅವನು ಅಂಗಳದಲ್ಲೋ ಮಾಳಿಗೆಯ ಮೇಲೋ ಬಿಸಿಲಿಗೆ ನಿಲ್ಲಲಿ, ಅದು ಒಳಗಿನ ಗಡಿಯಾರವನ್ನು ಹಿಂದಕ್ಕೆ ಎಳೆಯುತ್ತದೆ. ಚಹಾ ಇಳಿಹೊತ್ತಿನ ನಂತರ ಬೇಡ, ಕುಡಿದ ಚಹಾದ ಕೆಫೀನಿನಲ್ಲಿ ಅರ್ಧದಷ್ಟು ಮೈಯಿಂದ ಹೋಗುವುದಕ್ಕೇ ಸುಮಾರು ಐದು ತಾಸು ಹಿಡಿಯುತ್ತದೆ. ಮಲಗುವ ಹೊತ್ತನ್ನು ಒಮ್ಮೆಲೇ ಒಂದರಿಂದ ಹತ್ತಕ್ಕೆ ತರಲು ಹೋಗದೆ, ಎರಡು ಮೂರು ದಿನಕ್ಕೊಮ್ಮೆ ಕಾಲು ತಾಸು ಹಿಂದೆ ತನ್ನಿ. ಶನಿವಾರದ ಬೆಳಗಿನ ಶಾಲೆ ಮುಗಿಸಿ ಬಂದು ಸಂಜೆಯವರೆಗೆ ಮಲಗುವ ರೂಢಿ ಇದ್ದರೆ, ಅದು ಆ ರಾತ್ರಿಯ ನಿದ್ರೆಯನ್ನು ಕೆಡಿಸುತ್ತದೆ. ಅರ್ಧ ತಾಸು ಸಾಕು.

ಪ್ರಶ್ನೆ: ರಾಣೇಬೆನ್ನೂರಿನಿಂದ

ಗಾದಿ ಬಿಟ್ಟು ನೆಲದ ಮೇಲೆ ಜಮಖಾನೆ ಹಾಸಿ ಮಲಗಿಸಿದರೆ ಬಾಗು ಇಳಿಯುತ್ತದೆಯೇ?

ಉತ್ತರ

ಇಳಿಯುವುದಿಲ್ಲ, ಗಾದಿಯಿಂದ ಏರುವುದೂ ಇಲ್ಲ. ದಿಂಬು, ಮಗ್ಗುಲು, ಬೋರಲು ಮಲಗುವುದು ಇವು ಯಾವುವೂ ಸ್ಕೋಲಿಯೋಸಿಸ್‌ಗೆ ಕಾರಣವಲ್ಲ. ಮಗುವಿಗೆ ಎಲ್ಲಿ ಚೆನ್ನಾಗಿ ನಿದ್ರೆ ಬರುತ್ತದೆಯೋ ಅಲ್ಲಿ ಮಲಗಲಿ.

ಪ್ರಶ್ನೆ: ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕರು

ಶರಣು, ಡಾಕ್ಟರೇ. ನಮ್ಮ ಶಾಲೆಯ ಮಕ್ಕಳಲ್ಲಿ ಇದನ್ನು ನಾವೇ ಗುರುತಿಸಲು ಸಾಧ್ಯವೇ? ಪಾಟಿಚೀಲದ ಭಾರದಿಂದ ಬೆನ್ನು ಬಾಗುತ್ತದೆ ಎಂದು ಪಾಲಕರು ನಮ್ಮನ್ನು ಕೇಳುತ್ತಿರುತ್ತಾರೆ, ಅವರಿಗೆ ಏನು ಹೇಳಬೇಕು?

ಉತ್ತರ

ಶರಣು, ಗುರುಗಳೇ. ಚೀಲದ ಭಾರದಿಂದ ಹೆಗಲು ನೋಯುತ್ತದೆ, ಟೊಂಕ ನೋಯುತ್ತದೆ, ಮಗು ಮುಂದಕ್ಕೆ ಬಗ್ಗಿ ನಡೆಯುತ್ತದೆ, ಆದರೆ ಸ್ಕೋಲಿಯೋಸಿಸ್ ಆಗುವುದಿಲ್ಲ. ಹಾಗೆಂದು ಭಾರ ಹೊರಿಸಬಹುದೆಂದಲ್ಲ. 2019ರಲ್ಲಿ ನಮ್ಮ ರಾಜ್ಯ ಸರ್ಕಾರ ಹೊರಡಿಸಿದ ಸುತ್ತೋಲೆಯಂತೆ ಒಂದು ಎರಡನೆಯ ತರಗತಿಗೆ 2 ಕಿಲೋ, ಒಂಬತ್ತು ಹತ್ತನೆಯ ತರಗತಿಗೆ 5 ಕಿಲೋ ಮೀರಬಾರದು. ಅದನ್ನು ಪಾಲಿಸುವುದು ಮಕ್ಕಳ ಹೆಗಲಿನ ಸಲುವಾಗಿ ಅಗತ್ಯ.

ಗುರುತಿಸುವ ಪರೀಕ್ಷೆ ಸರಳ. 1865ರಲ್ಲಿ ಇಂಗ್ಲೆಂಡಿನ ವಿಲಿಯಂ ಆಡಮ್ಸ್ ವಿವರಿಸಿದ ಇದಕ್ಕೆ ಯಾವ ಯಂತ್ರವೂ ಬೇಡ. ಮಗು ಬರಿಗಾಲಲ್ಲಿ, ಎರಡೂ ಪಾದ ಜೋಡಿಸಿ, ಮೊಣಕಾಲು ಮಡಚದೆ ನಿಲ್ಲಬೇಕು. ನಮಸ್ಕಾರ ಮಾಡುವಾಗಿನಂತೆ ಅಂಗೈಗಳನ್ನು ಜೋಡಿಸಿ, ಕೈಗಳನ್ನು ಕೆಳಗೆ ಇಳಿಬಿಟ್ಟು, ಬೆನ್ನು ನೆಲಕ್ಕೆ ಸಮವಾಗುವವರೆಗೆ ನಿಧಾನವಾಗಿ ಬಗ್ಗಬೇಕು. ನೋಡುವವರು ಹಿಂದೆ ಕುಳಿತು, ಕಣ್ಣನ್ನು ಬೆನ್ನಿನ ಮಟ್ಟಕ್ಕೆ ತಂದುಕೊಂಡು, ಮೊದಲು ಎದೆಭಾಗದ ಬೆನ್ನು, ಮಗು ಇನ್ನಷ್ಟು ಬಗ್ಗಿದಂತೆ ಟೊಂಕದ ಭಾಗ, ಎರಡೂ ಪಕ್ಕಗಳು ಸಮನಾಗಿವೆಯೇ ನೋಡಬೇಕು. ಒಂದು ಪಕ್ಕ ದಿಬ್ಬದಂತೆ ಎದ್ದಿದ್ದರೆ ಮಗುವನ್ನು ವೈದ್ಯರ ಬಳಿ ಕಳಿಸಬೇಕು. ದಿಬ್ಬದ ಓರೆಯನ್ನು ಅಳೆಯುವ ಸ್ಕೋಲಿಯೋಮೀಟರ್ ಎಂಬ ಸಾಧನವಿದೆ. ಅದರಲ್ಲಿ 5ರಿಂದ 7 ಡಿಗ್ರಿ ಬಂದರೆ ಎಕ್ಸ್‌ರೇಯ ಮಾತು. ಈ ಡಿಗ್ರಿಯೂ ಎಕ್ಸ್‌ರೇಯ ಕಾಬ್ ಕೋನವೂ ಬೇರೆ ಬೇರೆ, ಬೆರೆಸಬಾರದು. ನಿಂತಾಗ ಒಂದು ಹೆಗಲು ಮೇಲಿರುವುದು, ಒಂದು ಕಡೆ ನಡುವಿನ ಮಡಿಕೆ ಆಳವಾಗಿರುವುದು, ಯೂನಿಫಾರ್ಮಿನ ಅಂಚು ಒಂದು ಪಕ್ಕಕ್ಕೆ ಇಳಿಬಿದ್ದಿರುವುದು ಇವೂ ಸುಳಿವುಗಳೇ.

ಹುಡುಗಿಯರನ್ನು 10 ಮತ್ತು 12ನೆಯ ವಯಸ್ಸಿನಲ್ಲಿ, ಹುಡುಗರನ್ನು 13 ಅಥವಾ 14ರಲ್ಲಿ ಒಮ್ಮೆ ನೋಡಬೇಕೆಂದು ಎಲುಬು ವೈದ್ಯರ ಸಂಘಟನೆಗಳು ಹೇಳುತ್ತವೆ. ಎಲ್ಲ ಮಕ್ಕಳನ್ನೂ ಶಾಲೆಯಲ್ಲಿ ಪರೀಕ್ಷಿಸುವುದರಿಂದ ಲಾಭ ಎಷ್ಟೆಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ, ಅಮೆರಿಕದ ತಜ್ಞರ ಸಮಿತಿಯೊಂದು 2018ರಲ್ಲಿ ಪುರಾವೆ ಸಾಲದು ಎಂದಿದೆ. ಆದರೂ ಅಂಗಿಯೊಳಗೆ ಮುಚ್ಚಿಹೋಗುವ ಈ ತೊಂದರೆ ನಮ್ಮ ಕಡೆ ಬೆಳಕಿಗೆ ಬರುವುದೇ ತಡವಾಗಿ. ಎಷ್ಟೋ ಹುಡುಗಿಯರನ್ನು 50 ಡಿಗ್ರಿ ದಾಟಿದ ಮೇಲೆ ಕರೆತರುತ್ತಾರೆ. ಅದನ್ನು ಕಣ್ಣಾರೆ ನೋಡುವವನಾಗಿ, ಪರೀಕ್ಷೆ ಮಾಡಿ ಎಂದೇ ನಾನು ಹೇಳುತ್ತೇನೆ. ಹುಡುಗಿಯರನ್ನು ಶಿಕ್ಷಕಿಯರೇ, ಪ್ರತ್ಯೇಕ ಕೋಣೆಯಲ್ಲಿ, ತಾಯಂದಿರ ಒಪ್ಪಿಗೆ ಪಡೆದು ನೋಡಲಿ. ದಿಬ್ಬ ಕಂಡರೆ ಇತರ ಮಕ್ಕಳ ಮುಂದೆ ಹೇಳಬಾರದು. ಸರ್ಕಾರಿ ಶಾಲೆಗಳಿಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ತಂಡದ ವೈದ್ಯರಿಗೆ ಅಂತಹ ಮಕ್ಕಳ ಹೆಸರು ಕೊಟ್ಟರೆ ಮುಂದಿನ ದಾರಿ ಸುಲಭ. ಹಾವೇರಿ, ಗದಗ ಎರಡೂ ಕಡೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ) ಇದ್ದೇ ಇದೆ.

ಪ್ರಶ್ನೆ: ಗದಗ-ಬೆಟಗೇರಿಯ ಒಬ್ಬ ತಂದೆ

ನನ್ನ ಹಿರಿಯ ಮಗಳಿಗೆ 15 ವರ್ಷ, ಬಾಗು 52 ಡಿಗ್ರಿ ಎಂದಿದ್ದಾರೆ, ಶಸ್ತ್ರಚಿಕಿತ್ಸೆ ಹೇಳಿದ್ದಾರೆ. ಮನೆಯಲ್ಲಿ ಹಿರಿಯರು ಎಲುಬು ಕೂಡಿಸುವವರ ಬಳಿ ಎಳೆಸಿ ನೋಡೋಣ, ಯೋಗ ಮಾಡಿಸೋಣ ಎನ್ನುತ್ತಿದ್ದಾರೆ. ಆಪರೇಷನ್ ಆದರೆ ಮದುವೆಗೆ, ಬಾಣಂತನಕ್ಕೆ ತೊಂದರೆಯಾಗುತ್ತದೆ ಎಂಬ ಹೆದರಿಕೆಯೂ ಇದೆ.

ಉತ್ತರ

ಅಣ್ಣನವರೇ, ಎಳೆಸುವುದು ಬೇಡವೇ ಬೇಡ. ತಿರುಚಿದ ಮಣಿಗಳ ನಡುವೆ ಬೆನ್ನುಹುರಿ ಹಾದುಹೋಗುತ್ತದೆ, ಅಲ್ಲಿ ಬಲಪ್ರಯೋಗ ಅಪಾಯ. ಯೋಗದಿಂದ ಸ್ನಾಯುಗಳಿಗೆ, ಉಸಿರಿಗೆ, ಮನಸ್ಸಿಗೆ ಒಳ್ಳೆಯದು, ಮಾಡಲಿ. ಆದರೆ 52 ಡಿಗ್ರಿಯನ್ನು ಅದು ಇಳಿಸುತ್ತದೆ ಎಂಬ ಭರವಸೆಯ ಮೇಲೆ ದಿನ ತಳ್ಳಬೇಡಿ. 50 ದಾಟಿದ ಎದೆಭಾಗದ ಬಾಗು ಬೆಳವಣಿಗೆ ನಿಂತ ಮೇಲೂ ವರ್ಷಕ್ಕೆ ಸರಾಸರಿ ಒಂದು ಡಿಗ್ರಿಯಷ್ಟು ಹೆಚ್ಚುತ್ತಾ ಹೋಗುತ್ತದೆ ಎಂಬ ಕಾರಣಕ್ಕೆ ಶಸ್ತ್ರಚಿಕಿತ್ಸೆ ಹೇಳುತ್ತಾರೆ. ಅದು ಇವತ್ತೋ ನಾಳೆಯೋ ಮಾಡಲೇಬೇಕಾದ ತುರ್ತಲ್ಲ. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯನ್ನೇ ಹೆಚ್ಚಾಗಿ ಮಾಡುವ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದಕ್ಕೆ ನಿಮಗೆ ಸಮಯವಿದೆ, ಮಗಳನ್ನೂ ಕೂರಿಸಿಕೊಂಡು ಕೇಳಿ, ಬೆನ್ನು ಅವಳದು. ಶಸ್ತ್ರಚಿಕಿತ್ಸೆಯಾದ ಹೆಣ್ಣುಮಕ್ಕಳು ಗರ್ಭ ಧರಿಸಿ ಹೆರುತ್ತಾರೆ. ಬೆನ್ನುಮೂಳೆಯನ್ನು ಹಿಡಿದಿಡಲು ಶಸ್ತ್ರಚಿಕಿತ್ಸೆಯಲ್ಲಿ ಕೂಡಿಸುವ ಲೋಹದ ರಾಡುಗಳು ಟೊಂಕದವರೆಗೂ ಇದ್ದರೆ ಬೆನ್ನಿಗೆ ಕೊಡುವ ಅರಿವಳಿಕೆಯ ಚುಚ್ಚುಮದ್ದು ಕಷ್ಟವಾಗಬಹುದು, ಆದ್ದರಿಂದ ಹೆರಿಗೆ ವೈದ್ಯರಿಗೆ ಮೊದಲೇ ತಿಳಿಸಬೇಕು, ಅಷ್ಟೇ. ತಂಗಿಯರಿದ್ದರೆ ಅವರ ಬೆನ್ನನ್ನೂ ಬಗ್ಗಿಸಿ ನೋಡಿ, ಈ ತೊಂದರೆ ಮನೆತನದಲ್ಲಿ ಹರಿಯುವುದುಂಟು.

ಪ್ರಶ್ನೆ: ಮೊದಲು ಕೇಳಿದ ಧಾರವಾಡದ ತಾಯಿ

ಉಪಕಾರವಾಯಿತು, ಸಾಹೇಬರೇ, ಗಮ್ಮಿಗಳ ಯೋಚನೆ ಬಿಟ್ಟೆ. ಮುಂದೆ ಒಂದು ವೇಳೆ ಬ್ರೇಸ್ ಬೇಕಾದರೆ, ಔಷಧ ಅಂಗಡಿಯಲ್ಲಿ ಸಿಗುವ ಬೆನ್ನಿನ ಬೆಲ್ಟ್ ಈಗಿನಿಂದಲೇ ಹಾಕಿಸಬಹುದೇ? ಬ್ರೇಸ್ ಹಾಕಿಕೊಂಡು ಮಲಗಿದರೆ ಅವಳ ನಿದ್ರೆ ಹಾಳಾಗುವುದಿಲ್ಲವೇ? ನಮ್ಮ ಬೇಸಿಗೆಯ ಸೆಕೆಯಲ್ಲಿ ಹೇಗೆ ತಡೆದುಕೊಳ್ಳುತ್ತಾಳೆ?

ಉತ್ತರ

ಅಂಗಡಿಯ ಎಲಾಸ್ಟಿಕ್ ಬೆಲ್ಟ್ ಹೆಗಲನ್ನು ಹಿಂದಕ್ಕೆ ಎಳೆಯುತ್ತದೆ, ಬಾಗನ್ನು ತಡೆಯುವುದಿಲ್ಲ. ಅದರ ಹಣ ಉಳಿಸಿ. ಸ್ಕೋಲಿಯೋಸಿಸ್‌ನ ಬ್ರೇಸ್ ಎಂದರೆ ಮಗುವಿನ ಮೈಯ ಅಚ್ಚು ಅಥವಾ ಸ್ಕ್ಯಾನ್ ತೆಗೆದು, ಬಾಗಿನ ತುದಿಯನ್ನು ಒತ್ತುವಂತೆ ಒಳಗೆ ಮೆತ್ತೆಗಳನ್ನು ಇಟ್ಟು, ಎದುರಿಗೆ ಮೈ ಸರಿಯಲು ಜಾಗ ಬಿಟ್ಟು ಮಾಡುವ ಗಟ್ಟಿ ಪ್ಲಾಸ್ಟಿಕ್ಕಿನ ಕವಚ. ಅದು ಇರುವ ಬಾಗನ್ನು ಮಾಯ ಮಾಡುವುದಿಲ್ಲ. ಬೆಳವಣಿಗೆ ಮುಗಿಯುವವರೆಗೆ ಹೆಚ್ಚದಂತೆ ಹಿಡಿದು, ಶಸ್ತ್ರಚಿಕಿತ್ಸೆಯ ಹಂತ ತಲುಪದಂತೆ ನೋಡಿಕೊಳ್ಳುತ್ತದೆ.

ಅಮೆರಿಕ ಮತ್ತು ಕೆನಡಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಬ್ರೇಸ್ ಹಾಕಿದವರಲ್ಲಿ ನೂರಕ್ಕೆ 72 ಮಕ್ಕಳ ಬಾಗು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಯಿತು. ಬರೀ ನೋಡುತ್ತಾ ಇದ್ದವರಲ್ಲಿ 48. ಲಾಭ ಎದ್ದು ಕಂಡದ್ದರಿಂದ ಪ್ರಯೋಗವನ್ನೇ ಅವಧಿಗೆ ಮುಂಚೆ ನಿಲ್ಲಿಸಿದರು. ಬ್ರೇಸಿನೊಳಗೆ ಉಷ್ಣತೆ ಅಳೆಯುವ ಸಾಧನ ಇಟ್ಟು, ಮಗು ನಿಜವಾಗಿ ಎಷ್ಟು ತಾಸು ಹಾಕಿಕೊಂಡಿತ್ತೆಂದು ಲೆಕ್ಕ ಹಾಕಿದ್ದರು: ದಿನಕ್ಕೆ ಸರಾಸರಿ 12.9 ತಾಸಿಗಿಂತ ಹೆಚ್ಚು ಹಾಕಿಕೊಂಡವರಲ್ಲಿ ನೂರಕ್ಕೆ 90ಕ್ಕೂ ಮೀರಿ ಯಶಸ್ಸು ಸಿಕ್ಕಿತು. ಇಲ್ಲಿ ನಿದ್ರೆಗೂ ಬೆನ್ನಿಗೂ ಒಂದು ನಿಜವಾದ ಸಂಬಂಧ ಇದೆ ನೋಡಿ, ತಾಯಿ. ನಿಮ್ಮ ಮಗಳು ಒಂಬತ್ತೂವರೆಗೆ ಬ್ರೇಸ್ ಹಾಕಿಕೊಂಡು ಮಲಗಿ ಆರೂವರೆಗೆ ಎದ್ದರೆ ಒಂಬತ್ತು ತಾಸು ಅಲ್ಲಿಯೇ ಆಯಿತು. ಶಾಲೆಯಿಂದ ಬಂದ ಮೇಲೆ ಓದುವ ಹೊತ್ತಿನಲ್ಲಿ ಉಳಿದದ್ದು ತುಂಬುತ್ತದೆ. ಹನ್ನೊಂದೂವರೆಯವರೆಗೆ ಎಚ್ಚರವಿದ್ದರೆ ಆ ಲೆಕ್ಕ ಕೂಡುವುದಿಲ್ಲ, ಶಾಲೆಗೂ ಹಾಕಿಕೊಂಡು ಹೋಗಬೇಕಾಗುತ್ತದೆ. ಎಷ್ಟು ತಾಸು ಎಂಬುದನ್ನು ಮಾತ್ರ ನಿಮ್ಮ ಡಾಕ್ಟರೇ ಗೊತ್ತುಮಾಡಬೇಕು, ಆ ಪ್ರಯೋಗದಲ್ಲಿ ದಿನಕ್ಕೆ ಕನಿಷ್ಠ 18 ತಾಸು ಹಾಕಿಕೊಳ್ಳಲು ಹೇಳಿದ್ದರು.

ಮೊದಲ ಒಂದೆರಡು ವಾರ ನಿದ್ರೆ ಕಷ್ಟವೇ, ಮುಚ್ಚಿಡುವುದಿಲ್ಲ. ಅದಕ್ಕೇ ಹಗಲು ಎರಡೆರಡು ತಾಸಿನಿಂದ ಆರಂಭಿಸಿ ಏರಿಸುತ್ತಾ, ಮೈ ಒಗ್ಗಿದ ಮೇಲೆ ರಾತ್ರಿಗೆ ತರುತ್ತೇವೆ. ಮೊಣಕಾಲುಗಳ ಕೆಳಗೆ ತೆಳ್ಳನೆಯ ದಿಂಬು ಇಟ್ಟು ಅಂಗಾತ ಮಲಗಿದರೆ ಟೊಂಕದ ಬಿಗಿ ಕಡಿಮೆಯಾಗುತ್ತದೆ. ಸೆಕೆಗೆ, ಹೊಲಿಗೆ ಒತ್ತದ ತೆಳು ಹತ್ತಿಯ ಬನಿಯನ್ನನ್ನು ಒಂದೂ ಸುಕ್ಕಿಲ್ಲದಂತೆ ಕೆಳಗೆಳೆದು ಅದರ ಮೇಲೆ ಬ್ರೇಸ್ ಹಾಕಬೇಕು, ಬೆವರಿದ ಕೂಡಲೇ ಬನಿಯನ್ ಬದಲಿಸಬೇಕು. ಅದರ ಕೆಳಗೆ ಎಣ್ಣೆ, ಮುಲಾಮು ಹಚ್ಚಬಾರದು, ಚರ್ಮ ಮೆತ್ತಗಾಗಿ ಬೇಗ ಸುಲಿಯುತ್ತದೆ. ತೆಗೆದಾಗ ಕೆಂಪು ಗುರುತು ಕಂಡರೆ ಹೆದರಬೇಡಿ, ಅರ್ಧ ತಾಸಿನಲ್ಲಿ ಹೋಗಬೇಕು. ಹೋಗದಿದ್ದರೆ ಅಥವಾ ಗುಳ್ಳೆ ಎದ್ದರೆ ಬ್ರೇಸ್ ಮಾಡಿದವರ ಬಳಿ ಒಯ್ದು ಸರಿಮಾಡಿಸಿ, ಸಿಟ್ಟಿನಿಂದ ಅಟ್ಟದ ಮೇಲೆ ಇಡಬೇಡಿ.

ನಾಲ್ಕು ತಿಂಗಳ ನಂತರ ಹೋಗುವಾಗ ಹಳೆಯ ಎಕ್ಸ್‌ರೇ ಫಿಲ್ಮನ್ನು ಮರೆಯದೆ ಒಯ್ಯಿರಿ, ಬರೀ ವರದಿಯ ಚೀಟಿ ಸಾಲದು. ಒಂದೇ ಫಿಲ್ಮನ್ನು ಇಬ್ಬರು ಅಳೆದರೂ 3ರಿಂದ 5 ಡಿಗ್ರಿ ವ್ಯತ್ಯಾಸ ಬರುವುದುಂಟು, ಆದ್ದರಿಂದ ಎರಡೂ ಫಿಲ್ಮುಗಳನ್ನು ಪಕ್ಕದಲ್ಲಿಟ್ಟು, ಅವೇ ಮಣಿಗಳನ್ನು ಹಿಡಿದು ಒಬ್ಬರೇ ಅಳೆಯಬೇಕು. ನಿಲ್ಲಿಸಿಯೇ, ಪೂರ್ತಿ ಬೆನ್ನುಮೂಳೆ ಬರುವಂತೆ, ಕಿರಣ ಬೆನ್ನಿನ ಕಡೆಯಿಂದ ಹಾಯುವಂತೆ ತೆಗೆಯಲು ಹೇಳಿ, ಬೆಳೆಯುತ್ತಿರುವ ಎದೆಗೆ ಕಿರಣದ ಪ್ರಮಾಣ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಮಾಡಿ, ಮೈನೆರೆದರೆ ಆ ತಾರೀಕು ಬರೆದಿಡಿ, ಇವೆರಡನ್ನೂ ಡಾಕ್ಟರಿಗೆ ತೋರಿಸಿ.